ತಕ್ಕಡಿಗೆ ಮುದ್ರೆ ಬೇಕು, ಗಟಾರ ನೀರಿಗೆ ಬ್ಯಾಡೇನು?

ದುರ್ಗದಬೈಲಿನ ಯಾವುದೇ ಕಿರಾಣಿ ಅಂಗಡಿಗೆ ಹೋಗಿ ಗಲ್ಲಾದ ಹಿಂದಿನ ಗೋಡೆ ನೋಡಿರಿ. ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಸಿದ್ಧಾರೂಢರು, ನಡುವೆ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು. ಅದು ತಕ್ಕಡಿಯದು. ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡ ವ್ಯಾಪಾರಸ್ಥ ವರ್ಷಕ್ಕೊಮ್ಮೆ ಅದನ್ನು ತೂಕ-ಅಳತೆ ಇಲಾಖೆಯವರಿಗೆ ತೋರಿಸಬೇಕು, ಶುಲ್ಕ ಕಟ್ಟಬೇಕು, ಮುದ್ರೆ ಹಾಕಿಸಬೇಕು, ಆ ಕಾಗದವನ್ನು ಗಿರಾಕಿಯ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಬೇಕು. ತಪ್ಪಿದರೆ ದಂಡ. ಹತ್ತು ಗ್ರಾಮು ಜೀರಿಗೆ ಕಡಿಮೆ ಬಂದೀತೆಂದು ಸರಕಾರಕ್ಕೆ ಇಷ್ಟು ಕಾಳಜಿ. ಇರಲಿ, ಒಳ್ಳೆಯದೇ.

ಆದರೆ ಇಡೀ ಊರಿನ ಬಚ್ಚಲ, ಪಾಯಖಾನೆ, ಗ್ಯಾರೇಜು, ಹೋಟೆಲು, ದವಾಖಾನೆಗಳ ನೀರನ್ನೆಲ್ಲ ಒಂದು ಕಡೆ ಕೂಡಿಸಿ, "ಶುದ್ಧ ಮಾಡೀವಿ" ಎಂದು ಹಳ್ಳಕ್ಕೆ ಬಿಡುವ ಘಟಕದ ಸರ್ಟಿಫಿಕೇಟು ಯಾವ ಗೋಡೆಯ ಮೇಲಿದೆ? ಗಬ್ಬೂರ ಕ್ರಾಸಿನಲ್ಲಿ ಬಸ್ಸಿನಿಂದ ಇಳಿಯುವವನಿಗೆ ಅದು ಕಾಣುತ್ತದೆಯೇ? ಆ ನೀರಿನಿಂದ ಪಾಲಕ, ಮೆಂತೆ ಬೆಳೆಯುವವನಿಗೆ ಯಾರಾದರೂ ಓದಿ ಹೇಳಿದ್ದಾರೆಯೇ? ವರದಿ ಎಲ್ಲೋ ಒಂದು ಫೈಲಿನಲ್ಲಿ ಇದ್ದೀತು. ಫೈಲಿನೊಳಗಿನ ಸರ್ಟಿಫಿಕೇಟು ನೋಡಿ ಯಾವ ಗಿರಾಕಿಯೂ ಸಾಮಾನು ಕೊಳ್ಳುವುದಿಲ್ಲ.

ಹೆಸರು ಬೆಣ್ಣಿ, ಹರಿಯುವುದು ಬೇರೆ

ಈ ಭಾಗದ ಹಿರಿಯರು ಹಳ್ಳಗಳಿಗೆ ಇಟ್ಟ ಹೆಸರು ಕೇಳಿದರೆ ಹೊಟ್ಟೆ ತುಂಬುತ್ತದೆ. ಒಂದು ಬೆಣ್ಣಿಹಳ್ಳ, ಇನ್ನೊಂದು ತುಪ್ಪರಿಹಳ್ಳ. ಹುಬ್ಬಳ್ಳಿಯ ನಾಲಾ ನೀರು ಊರು ದಾಟಿ ಹೋಗಿ ಸೇರುವುದು ಬೆಣ್ಣಿಹಳ್ಳವನ್ನು. ಬೆಣ್ಣಿಹಳ್ಳ ಸೇರುವುದು ಮಲಪ್ರಭೆಯನ್ನು, ಮಲಪ್ರಭೆ ಕೃಷ್ಣೆಯನ್ನು.

ಅವಳಿ ನಗರ ಕುಡಿಯುವುದೂ ಮಲಪ್ರಭೆಯ ನೀರನ್ನೇ. ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಿಂದ ಕೊಳವೆಯಲ್ಲಿ ಬರುತ್ತದೆ. ಅಂದರೆ ಮೇಲಿಂದ ತಿಳಿನೀರು ತಂದು, ಕುಡಿದು, ತೊಳೆದು, ಕೆಳಗಿನವರಿಗೆ ರಾಡಿ ಬಿಡುವುದು ನಮ್ಮೂರಿನ ಲೇವಾದೇವಿ. ಕೆಳಗಿನ ಊರವರೂ ಮನುಷ್ಯರೇ, ಅವರೂ ದನ ಮೈ ತೊಳೆಯುತ್ತಾರೆ, ಹೊಲಕ್ಕೆ ಪಂಪು ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಕೆಟ್ಟುಹೋದ 351 ನದಿ ಭಾಗಗಳ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದ್ದು 17. ಆ ಹದಿನೇಳರಲ್ಲಿ ಮಲಪ್ರಭೆಯ ಹೆಸರೂ ಇತ್ತು.

2011ರ ಜನಗಣತಿಯ ಪ್ರಕಾರ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.44 ಲಕ್ಷ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಮತ್ತೆ ಗಟಾರಕ್ಕೇ ಹೋಗುತ್ತದೆಂಬುದು ಇಂಜಿನಿಯರರ ಸಾಮಾನ್ಯ ಲೆಕ್ಕ. ಇಪ್ಪತ್ತನಾಲ್ಕು ತಾಸು ನೀರು ಕೊಡುವ ಯೋಜನೆ ಬಂತೆಂದು ಎಲ್ಲರಿಗೂ ಸಂತೋಷ. ಆದರೆ ನಲ್ಲಿಯಲ್ಲಿ ನೀರು ಹೆಚ್ಚಿದಷ್ಟೂ ಗಟಾರದಲ್ಲೂ ಹೆಚ್ಚುತ್ತದೆ. ನಲ್ಲಿಯ ಉದ್ಘಾಟನೆಗೆ ರಿಬ್ಬನ್ನು ಕತ್ತರಿಸಲು ಹತ್ತು ಜನ ನಿಲ್ಲುತ್ತಾರೆ. ಗಟಾರದ ಕಡೆ ಮುಖ ಮಾಡುವವರು ಕಡಿಮೆ.

ನಾಲ್ಕು ಪರೀಕ್ಷೆ, ನಾಲ್ಕು ಪ್ರಶ್ನೆ

ಶುದ್ಧೀಕರಣ ಘಟಕದ ಕೆಲಸ ಜಾದೂ ಅಲ್ಲ. ಬಂದ ನೀರಿನಿಂದ ಚಿಂದಿ, ಪ್ಲಾಸ್ಟಿಕ್ಕು, ಮರಳು ತೆಗೆಯುವುದು ಮೊದಲ ಕೆಲಸ. ಆಮೇಲೆ ಹೊಂಡದಲ್ಲಿ ಗಾಳಿ ಊದುವುದು. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಬೆಳೆಯುತ್ತವೆ. ಅವು ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರಿಗೆ ಕ್ಲೋರಿನ್ ಹಾಕಿ ಹೊರಗೆ ಬಿಡುವುದು. ಕರೆಂಟು ತಾಸುಗಟ್ಟಲೆ ಹೋದರೆ, ಇಲ್ಲವೆ ಯಾರೋ ಕತ್ತಲಲ್ಲಿ ಒಂದು ಟ್ಯಾಂಕರ್ ಆ್ಯಸಿಡ್ಡು ಸುರಿದು ಹೋದರೆ ಆ ಜೀವಿಗಳು ಸತ್ತು ಬೀಳುತ್ತವೆ. ಆಗ ಹೊಂಡ ಹೊಂಡವಾಗಿಯೇ ಇರುತ್ತದೆ, ಶುದ್ಧೀಕರಣ ಮಾತ್ರ ನಿಂತಿರುತ್ತದೆ. ಬಾಗಿಲಿನ ಬೋರ್ಡು ನೋಡಿದರೆ ಗೊತ್ತಾಗುವುದಿಲ್ಲ, ನೀರು ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ.

2017ರ ಅಕ್ಟೋಬರ್ 13ರಂದು ಕೇಂದ್ರ ಪರಿಸರ ಸಚಿವಾಲಯ ಇಂಥ ಘಟಕಗಳಿಗೆ ನಾಲ್ಕು ಮಾಪನ ಗೊತ್ತು ಮಾಡಿತು. ಒಂದು, ಆಮ್ಲ-ಕ್ಷಾರದ ಅಳತೆ, ಅಂದರೆ ಪಿಎಚ್. ಎರಡು, ಬಿ.ಓ.ಡಿ. ಮೂರು, ನೀರಿನಲ್ಲಿ ತೇಲುವ ಕಣ. ನಾಲ್ಕು, ಮಲದಿಂದ ಬರುವ ಕೋಲಿಫಾರ್ಮ್ ಎಂಬ ಕ್ರಿಮಿ. ದೊಡ್ಡ ಮಹಾನಗರಗಳಿಗೆ ಬಿಗಿ ಮಿತಿ, ಉಳಿದ ಊರುಗಳಿಗೆ ಸ್ವಲ್ಪ ಸಡಿಲು. ಲೀಟರಿಗೆ ಬಿ.ಓ.ಡಿ. ಅಲ್ಲಿ 20 ಮಿಲಿಗ್ರಾಮು, ಇಲ್ಲಿ 30. ಕಣ ಅಲ್ಲಿ 50, ಇಲ್ಲಿ 100. 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ತಾರತಮ್ಯ ಒಪ್ಪಲಿಲ್ಲ. ಬಿ.ಓ.ಡಿ. 10, ಕಣ 20ರೊಳಗೆ ಬರಬೇಕು, ದೊಡ್ಡ ಊರು ಸಣ್ಣ ಊರು ಎನ್ನದೆ ಎಲ್ಲ ಕಡೆಗೂ ಬಿಗಿ ನಿಯಮವೇ ಇರಬೇಕೆಂದು ಆಜ್ಞೆ ಮಾಡಿತು. ಹುಬ್ಬಳ್ಳಿಯವನ ಹೊಟ್ಟೆಯೂ ಬೆಂಗಳೂರಿನವನ ಹೊಟ್ಟೆಯೂ ಒಂದೇ ಎಂಬ ಸಾದಾ ಮಾತು ಅದು.

ಬಿ.ಓ.ಡಿ. ಎಂದ ಕೂಡಲೆ ಗಾಬರಿಯಾಗಬೇಕಾಗಿಲ್ಲ. ಬಾಟ್ಲಿಯಲ್ಲಿ ನೀರು ತುಂಬಿ ಮುಚ್ಚಳ ಬಿಗಿದು, 27 ಡಿಗ್ರಿ ಉಷ್ಣತೆಯಲ್ಲಿ ಮೂರು ದಿನ ಕತ್ತಲಲ್ಲಿ ಇಡುತ್ತಾರೆ. ಒಳಗಿನ ಜೀವಿಗಳು ಹೊಲಸು ತಿನ್ನುತ್ತ ನೀರಿನೊಳಗಿನ ಪ್ರಾಣವಾಯುವನ್ನು ಎಷ್ಟು ಮುಗಿಸಿದವು ಎಂದು ಅಳೆಯುತ್ತಾರೆ. ಹೊಲಸು ಹೆಚ್ಚಿದ್ದರೆ ಪ್ರಾಣವಾಯುವಿನ ಖರ್ಚೂ ಹೆಚ್ಚು. ಹಳ್ಳದಲ್ಲಿ ಇದೇ ಆದರೆ ಮೀನು ಉಸಿರುಗಟ್ಟಿ ಸಾಯುತ್ತವೆ, ಊರಿಗೆಲ್ಲ ನಾತ ಹಬ್ಬುತ್ತದೆ. ಉಣಕಲ್ಲ ನಾಲಾದ ಪೂಲು ದಾಟುವಾಗ ಬಸ್ಸಿನಲ್ಲಿ ಕೂತವರು ಮೂಗಿಗೆ ಕರವಸ್ತ್ರ ಹಿಡಿಯುತ್ತಾರಲ್ಲ, ಅದೇ ಬಿ.ಓ.ಡಿ.ಯ ಬಡವರ ಪರೀಕ್ಷೆ.

ತಿಳಿ ಇದ್ದದ್ದೆಲ್ಲ ಶುದ್ಧ ಅಲ್ಲ

ಆದರೆ ಮೂಗಿಗೂ ಕಣ್ಣಿಗೂ ಸಿಗದ ಪರೀಕ್ಷೆ ನಾಲ್ಕನೆಯದು. ಹಸಿ ಗಟಾರದ ನೂರು ಮಿಲಿಲೀಟರಿನಲ್ಲಿ, ಅಂದರೆ ಅರ್ಧ ಲೋಟದಷ್ಟು ನೀರಿನಲ್ಲಿ, ಮಲದ ಕ್ರಿಮಿ ಹತ್ತು ಲಕ್ಷದಿಂದ ಹಿಡಿದು ಕೋಟಿ ಲೆಕ್ಕದಲ್ಲಿ ಇರುತ್ತವೆ. 2017ರ ನಿಯಮದ ಮಿತಿ ಸಾವಿರ. ಹಸಿರು ನ್ಯಾಯಮಂಡಳಿ ಹೇಳಿದ್ದು 230.

ವ್ಯಾಪಾರಸ್ಥರು ಲೆಕ್ಕದಲ್ಲಿ ಗಟ್ಟಿಗರು, ಅವರೇ ಲೆಕ್ಕ ಹಾಕಲಿ. ಕೋಟಿ ಕ್ರಿಮಿ ಇದ್ದ ನೀರಿನಲ್ಲಿ ನೂರಕ್ಕೆ 99 ತೆಗೆದರೂ ಉಳಿಯುವುದು ಒಂದು ಲಕ್ಷ. "ನೂರಕ್ಕ ತೊಂಬತ್ತೊಂಬತ್ತು ಪಾಸಾಗೇದ" ಎಂದು ಘಟಕದವರು ಎದೆ ತಟ್ಟಿಕೊಳ್ಳಬಹುದು, ಆದರೂ ನೀರು ಮಿತಿಗಿಂತ ನೂರು ಪಟ್ಟು ಹೊಲಸು. ಅದೇ ಹೊತ್ತಿಗೆ ಬಿ.ಓ.ಡಿ. ಸರಿ ಇರಬಹುದು, ನೀರು ಕನ್ನಡಿಯಂತೆ ತಿಳಿ ಇರಬಹುದು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಗಾದೆ ಹಾಲಿಗೆ ಎಷ್ಟು ನಿಜವೋ ನೀರಿಗೂ ಅಷ್ಟೇ ನಿಜ.

ಈಗ ಅನೇಕ ಕಡೆ ಆನ್‌ಲೈನ್ ಮೀಟರು ಕೂರಿಸಿದ್ದಾರೆ, ಅದು ತಾನೇ ಅಳೆದು ಕಂಪ್ಯೂಟರಿಗೆ ಕಳಿಸುತ್ತದೆ ಎಂದು ಹೇಳುವುದುಂಟು. ಪಿಎಚ್, ಕಣ ಮುಂತಾದವುಗಳಿಗೆ ಅದು ಸರಿ. ಆದರೆ ಕ್ರಿಮಿ ಎಣಿಸುವುದು ಆ ಮೀಟರಿನ ಕೈಲಾಗದ ಕೆಲಸ. ಅದಕ್ಕೆ ಕ್ರಿಮಿಯಿಲ್ಲದಂತೆ ಕುದಿಸಿದ ಬಾಟ್ಲಿ ಬೇಕು, ಐಸು ತುಂಬಿದ ಡಬ್ಬಿ ಬೇಕು, ಕೆಲವೇ ತಾಸಿನೊಳಗೆ ಪ್ರಯೋಗಶಾಲೆಗೆ ಮುಟ್ಟಿಸುವ ಮನುಷ್ಯ ಬೇಕು. ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯಲ್ಲಿಯೇ ಕ್ರಿಮಿ ಕೊಲ್ಲುತ್ತ ಹೋಗದಿರಲಿ ಎಂದು ಬಾಟ್ಲಿಯಲ್ಲಿ ಮೊದಲೇ ಸ್ವಲ್ಪ ಥಯೋಸಲ್ಫೇಟ್ ಹಾಕಿಡಬೇಕು. ಇಷ್ಟೂ ಮಾಡದೆ ಬಿಸಿಲಲ್ಲಿ ಮಧ್ಯಾಹ್ನದವರೆಗೆ ಜೀಪಿನಲ್ಲಿ ತಿರುಗಿದ ಬಾಟ್ಲಿಯ ವರದಿ ಎಷ್ಟು ನಂಬುವಂಥದು?

ಬಾಟ್ಲಿ ತುಂಬಿದ್ದು ಯಾವಾಗ?

ಇಲ್ಲಿಯೇ ಇರುವುದು ನಿಜವಾದ ಗುಟ್ಟು. ಬೆಳಗಿನ ಆರರಿಂದ ಒಂಬತ್ತರವರೆಗೆ ಊರೆಲ್ಲ ಜಳಕ, ಮುಸುರೆ, ಪಾಯಖಾನೆ. ಗಟಾರ ತುಂಬಿ ಬರುತ್ತದೆ. ಮಧ್ಯರಾತ್ರಿ ಊರು ಮಲಗಿದಾಗ ಸಣ್ಣ ಧಾರೆ. ರಾತ್ರಿ ಕೆಲಸ ಮಾಡುವ ಕಾರಖಾನೆಗಳ ನೀರು ಬರುವುದು ಬೇರೆ ಹೊತ್ತಿಗೆ. ತಿಂಗಳಿಗೊಂದು ದಿನ, ಸಾಹೇಬರು ಚಹಾ ಕುಡಿದ ಮೇಲೆ, ಹನ್ನೊಂದು ಗಂಟೆಗೆ ತುಂಬಿದ ಒಂದು ಬಾಟ್ಲಿ ಇಡೀ ತಿಂಗಳ ಸಾಕ್ಷಿ ಹೇಳಲಾರದು. ತಪಾಸಣೆಗೆ ಬರುವವರಿಗಾಗಿ ಮುಂದೆ ಇಟ್ಟ ಒಂದು ಚೀಲ ಅಕ್ಕಿ ನೋಡಿ ಗೋದಾಮಿನ ಅಕ್ಕಿಯನ್ನೆಲ್ಲ ಒಪ್ಪುವ ವ್ಯಾಪಾರಿ ಅಮರಗೋಳದ ಎಪಿಎಂಸಿಯಲ್ಲಿ ಒಬ್ಬನಾದರೂ ಇದ್ದಾನೆಯೇ? ನಡುವಿನ ಚೀಲಕ್ಕೂ ತಳದ ಚೀಲಕ್ಕೂ ಬಂಬು ಚುಚ್ಚಿ ಕಾಳು ತೆಗೆಯುತ್ತಾನೆ. ನೀರಿಗೂ ಹಾಗೆಯೇ. ಇಪ್ಪತ್ತನಾಲ್ಕು ತಾಸಿನಲ್ಲಿ ತಾಸು ತಾಸಿಗೆ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಿ ಮಾಡುವ ಪರೀಕ್ಷೆಯುಂಟು. ಕ್ರಿಮಿಯ ಪರೀಕ್ಷೆಗೆ ಮಾತ್ರ ಹಾಗೆ ಕೂಡಿಸಲಾಗದು, ಅದನ್ನು ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಬಾಟ್ಲಿಯಲ್ಲಿ ತೆಗೆಯಬೇಕು. ವರದಿಯಲ್ಲಿ ಅಂಕಿಯ ಜೊತೆಗೆ ಬಾಟ್ಲಿ ತುಂಬಿದ ಗಂಟೆಯನ್ನೂ ಬರೆಯಬೇಕು.

ಇಂಗ್ಲೆಂಡಿನವರ ಮಿತಿ, ನಮ್ಮ ಹಳ್ಳ

ಇಂಥ ಮಿತಿಗಳ ಮೂಲ ಇಂಗ್ಲೆಂಡಿನಲ್ಲಿದೆ. ಅಲ್ಲಿಯ ರಾಯಲ್ ಕಮಿಷನ್ 1912ರಲ್ಲಿ ಗಟಾರ ನೀರಿಗೆ ಬಿ.ಓ.ಡಿ. 20, ಕಣ 30 ಎಂದು ಮಿತಿ ಹಾಕಿತು. ಆದರೆ ಒಂದು ಷರತ್ತಿನ ಮೇಲೆ. ಆ ನೀರು ಬೀಳುವ ನದಿಯಲ್ಲಿ ಅದರ ಎಂಟು ಪಾಲಾದರೂ ಒಳ್ಳೆಯ ನೀರು ಹರಿಯುತ್ತಿರಬೇಕು. ಒಂದು ಸೇರು ಹೊಲಸಿಗೆ ಎಂಟು ಸೇರು ತಿಳಿನೀರು ಎಂಬುದು ಅವರ ಹಿಶೋಬು.

ನಮ್ಮ ಬೆಣ್ಣಿಹಳ್ಳದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಆ ಎಂಟು ಸೇರು ತಿಳಿನೀರು ಎಲ್ಲಿಂದ ತರುವುದು? ಮಳೆಗಾಲದಲ್ಲಿ ಉಕ್ಕಿ ಹೊಲ ಕೊಚ್ಚುವ ಹಳ್ಳ, ಬೇಸಿಗೆಯಲ್ಲಿ ಊರು ಬಿಟ್ಟ ನೀರಷ್ಟನ್ನೇ ಹರಿಸುತ್ತದೆ. ಬೆರೆಸಲು ಬೇರೆ ನೀರೇ ಇಲ್ಲದ ಕಡೆ ಘಟಕದ ಬಾಯಿಂದ ಬಂದದ್ದೇ ಹಳ್ಳ. ಆದ್ದರಿಂದ ಇಲ್ಲಿ ಪರೀಕ್ಷೆ ಇಂಗ್ಲೆಂಡಿಗಿಂತ ಬಿಗಿಯಾಗಬೇಕು. ಅದರಲ್ಲಿಯೂ ಬೇಸಿಗೆಯಲ್ಲಿ ಹೆಚ್ಚು ಸಲ ಆಗಬೇಕು.

ಪಾಲಕದ ಸಿವುಡು ಹೇಳುವ ಕತೆ

ಈ ನೀರು ಹಳ್ಳದಲ್ಲಿ ಹರಿದು ಕಣ್ಮರೆಯಾಗುವುದಿಲ್ಲ. ಊರಿಗೆ ತಿರುಗಿ ಬರುತ್ತದೆ, ಬುಟ್ಟಿಯಲ್ಲಿ ಕೂತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಿ.ಎಸ್. ಹುಣಶಾಳ ಮತ್ತು ಬ್ರಿಟನ್ನಿನ ಬ್ಯಾಂಗೋರ್‌ನ ಆಂಡ್ರೂ ಬ್ರ್ಯಾಡ್‌ಫರ್ಡ್, ರಾಬರ್ಟ್ ಬ್ರೂಕ್ ಅವರು ಈ ವಿಷಯ ಅಭ್ಯಾಸ ಮಾಡಿ 2003ರಲ್ಲಿ ಪ್ರಕಟಿಸಿದರು. ಅವಳಿ ನಗರದಿಂದ ದಿನಕ್ಕೆ ಸುಮಾರು 6 ಕೋಟಿ ಲೀಟರು ಗಟಾರ ನೀರು ಹೊರಬೀಳುತ್ತದೆಂದೂ, ಬಿಡನಾಳ, ಗಬ್ಬೂರ, ಕಟ್ನೂರ, ಧಾರವಾಡದ ಮದಿಹಾಳ ಮುಂತಾದ ಕಡೆ ರೈತರು ಅದನ್ನೇ ಪಂಪಿನಿಂದ ಎತ್ತಿ ಕಾಯಿಪಲ್ಯೆ, ಬೆಳೆ, ಗಿಡಮರ ಬೆಳೆಸುತ್ತಾರೆಂದೂ ಅವರು ಬರೆದರು. ಅದು ಶುದ್ಧೀಕರಣವೇ ಇಲ್ಲದ ಕಾಲ. ಈಗ ಘಟಕ ಬಂದಿದೆ. ಆದರೂ ಒಳಚರಂಡಿ ಕೂಡಿಸದ ಮನೆಗಳ ನೀರು ನೇರ ನಾಲಾಕ್ಕೇ ಬೀಳುತ್ತದೆ. ಘಟಕದಿಂದ ಬಂದದ್ದೂ ಘಟಕ ತಪ್ಪಿಸಿ ಬಂದದ್ದೂ ಕೆಳಗೆ ಒಂದಾಗುತ್ತವೆ.

ಸಂತೆಯಲ್ಲಿ ಕೇಳುವ ಮಾತು ಹೀಗೆ.

"ಏನಬೇ ಯಕ್ಕಾ, ಈ ಪಾಲಕ ಎಲ್ಲಿದು?"

"ಗಬ್ಬೂರ ಕಡೀದ್ರಿ ಯಪ್ಪಾ. ನೋಡ್ರಿ ಹೆಂಗದ, ಅಂಗೈಯಷ್ಟು ಎಲಿ."

"ನಾಲಾ ನೀರಿಂದೇನ?"

"ನೀರ ನೀರರೀ. ನೀರಿಗೇನ ಜಾತಿ ಇರತೈತಿ? ನಿಮ್ಮ ಮನೀದ ಹರಿದು ಬಂದದ್ದ ಅದು."

ಆ ಹೆಣ್ಣುಮಗಳ ಮಾತಿಗೆ ಉತ್ತರ ಕೊಡುವುದು ಕಷ್ಟ. ಬರಗಾಲದಲ್ಲಿ ಬೋರು ಬತ್ತಿದರೂ ಈ ನೀರು ಬತ್ತುವುದಿಲ್ಲ. ಅದರಲ್ಲಿ ಸಾರಜನಕ, ರಂಜಕ ತುಂಬಿರುವುದರಿಂದ ಗೊಬ್ಬರದ ಖರ್ಚೂ ಉಳಿಯುತ್ತದೆ. ಕೆರೆಗೆ ಹೋದರೆ ಅದೇ ರಂಜಕ ಅಂತರಗಂಗೆಯನ್ನು ಬೆಳೆಸಿ ಕೆರೆ ಕೊಲ್ಲುತ್ತದೆ, ಹೊಲಕ್ಕೆ ಹೋದರೆ ಮೆಂತೆ ಬೆಳೆಸುತ್ತದೆ. ರೈತನ ಅನ್ನಕ್ಕೆ ಕಲ್ಲು ಹಾಕಿ ನೀರು ನಿಲ್ಲಿಸಬೇಕೆಂದು ಹೇಳುವವರು ಮೊದಲು ತಮ್ಮ ಬಚ್ಚಲಿನ ನೀರು ಎಲ್ಲಿ ಬಿಡುತ್ತಾರೆಂದು ಹೇಳಲಿ.

ಆದರೆ ಆ ನೀರಿನಲ್ಲಿ ದಿನವೆಲ್ಲ ಬರಿಗಾಲಲ್ಲಿ ನಿಲ್ಲುವವರೂ ಅದೇ ಕುಟುಂಬದವರೇ. ಜಂತುಹುಳದ ತತ್ತಿ ಕ್ಲೋರಿನ್ನಿಗೆ ಸುಲಭವಾಗಿ ಸಾಯುವುದಿಲ್ಲ. ಬೇಸಾಯಕ್ಕೆ ಬಳಸುವ ಗಟಾರ ನೀರಿನಲ್ಲಿ ಲೀಟರಿಗೆ ಒಂದು ತತ್ತಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿಯೇ ಹೇಳಿತು, 2006ರಲ್ಲಿ ಮತ್ತೆ ಹೇಳಿತು. ಮೇಲೆ ಹೇಳಿದ ನಮ್ಮ ನಾಲ್ಕು ಪರೀಕ್ಷೆಗಳಲ್ಲಿ ಈ ತತ್ತಿಯ ಸುದ್ದಿಯೇ ಇಲ್ಲ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳಂಥ ಲೋಹದ ಸುದ್ದಿಯೂ ಇಲ್ಲ. ಲೋಹವನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸಲಾರವು. ಅದರಲ್ಲಿ ಬಹುಪಾಲು ಘಟಕದ ಕೆಸರಿನಲ್ಲಿ ಕೂಡುತ್ತದೆ. ಆ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಹಾಕುವ ಮುಂಚೆ ಅದಕ್ಕೂ ಪರೀಕ್ಷೆ ಬೇಕು. ಅಂದರೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿ ಪರೀಕ್ಷೆ ಗೊತ್ತು ಮಾಡಬೇಕು. ಹಳ್ಳಕ್ಕೆ ಹೋಗುವ ನೀರಿಗೆ ಒಂದು ಲೆಕ್ಕ, ಹೊಲಕ್ಕೆ ಹೋಗುವ ನೀರಿಗೆ ಇನ್ನೊಂದು ಲೆಕ್ಕ.

"ಸುಮ್ಮನ ಯಾಕ ಗದ್ದಲ?"

ಕೆಲವರ ವಾದ ಬೇರೆ. "ಅಂಕಿ ಹೊರಗ ಹಾಕಿದ್ರ ಮಂದಿ ಗಾಬರಿ ಆಗ್ತಾರ, ಗಬ್ಬೂರ ಕಡೆ ಕಾಯಿಪಲ್ಯೆ ಯಾರೂ ತಗೊಳ್ಳಂಗಿಲ್ಲ, ಪಾಪ ರೈತರು ಹಾಳಾಗ್ತಾರ" ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಒಂದು ಕೆಟ್ಟ ಅಂಕಿ ಸಂಜೆ ಪೇಪರಿನಲ್ಲಿ ಬಂದರೆ ಮರುದಿನ ಬುಟ್ಟಿ ತುಂಬಾ ಪಾಲಕ ಬಾಡಿ ಹೋಗಬಹುದು. ನಷ್ಟ ಅನುಭವಿಸುವವನು ತಪ್ಪು ಮಾಡದ ರೈತ.

ಆದರೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಕೋಲಾರ ನೋಡಿದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರ ಜೂನ್ ತಿಂಗಳಲ್ಲಿ ಶುರುವಾಯಿತು. ಜುಲೈಯಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಬಾಯಾರಿದ ಜಿಲ್ಲೆಯ ಜನ ನೀರು ಬಂತೆಂದು ಪೂಜೆ ಮಾಡುವುದೋ, ವಿಷ ಬಂತೆಂದು ಓಡುವುದೋ ತಿಳಿಯದಾಯಿತು. ಹೈಕೋರ್ಟು ನೀರಿಗೆ ತಡೆ ಹಾಕಿತು, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೊದಲ ದಿನದಿಂದ ಕೆರೆಯ ಏರಿಯ ಮೇಲೆ ಒಂದು ಬೋರ್ಡಿನಲ್ಲಿ ಆ ದಿನದ ಅಂಕಿ ಬರೆಯುತ್ತ ಬಂದಿದ್ದರೆ ಜನ ನೊರೆ ನೋಡಿ ನಿರ್ಣಯ ಮಾಡಬೇಕಾಗುತ್ತಿರಲಿಲ್ಲ. ಗಾಬರಿ ಹುಟ್ಟುವುದು ಅಂಕಿಯಿಂದಲ್ಲ, ಅಂಕಿ ಮುಚ್ಚಿಡುವುದರಿಂದ.

ಹಾಗೆ ನೋಡಿದರೆ ಪರೀಕ್ಷೆಯ ಲಾಭ ಮೊದಲು ಸಿಗುವುದು ರೈತನಿಗೇ. ನೀರು ಕೆಟ್ಟಿದ್ದ ವಾರ ಅವನು ಹಸಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಅದನ್ನು ಬಿಡದೆ ಮೇವಿಗೋ ಗಿಡಕ್ಕೋ ಬಿಟ್ಟುಕೊಳ್ಳಬಹುದು, ಕೊಯ್ಯುವ ಮೊದಲು ಕೆಲವು ದಿನ ನೀರು ನಿಲ್ಲಿಸಬಹುದು, ಕಾಲಿಗೆ ಬೂಟು ಹಾಕಿಕೊಳ್ಳಬಹುದು. ನೀರು ಸರಿ ಇದ್ದ ವಾರ "ನೋಡ್ರಿ, ಬೋರ್ಡಿನ್ಯಾಗ ಬರದಾರ" ಎಂದು ಎದೆ ಎತ್ತಿ ಮಾರಬಹುದು. ಮುದ್ರೆ ಹಾಕಿದ ತಕ್ಕಡಿಯಿಂದ ಪ್ರಾಮಾಣಿಕ ವ್ಯಾಪಾರಿಗೆ ಯಾವ ನಷ್ಟವೂ ಇಲ್ಲ. ಮುದ್ರೆಗೆ ಹೆದರುವವನು ತೂಕದಲ್ಲಿ ಹೊಡೆಯುವವನು.

ಆಗಬೇಕಾದ್ದು ಇಷ್ಟೇ

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಜಲ ಮಾಲಿನ್ಯ ಕಾಯಿದೆ ಬಂದು 1974ರಿಂದ ಇಲ್ಲಿಯವರೆಗೆ ಐವತ್ತು ವರ್ಷ ದಾಟಿತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಧಾರವಾಡದಲ್ಲಿಯೇ ಪ್ರಾದೇಶಿಕ ಕಚೇರಿ ಇದೆ. ಗಟಾರ ನೀರಿನ ಮರುಬಳಕೆಗೆ ರಾಜ್ಯ ಸರಕಾರ 2017ರಲ್ಲಿ ನೀತಿಯನ್ನೇ ಹೊರಡಿಸಿದೆ. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಕಾಗದದ ನಕಲು ಕೇಳುವ ಹಕ್ಕಷ್ಟೇ ಅಲ್ಲ, ವಸ್ತುವಿನ ದೃಢೀಕರಿಸಿದ ಮಾದರಿ ತೆಗೆದುಕೊಳ್ಳುವ ಹಕ್ಕೂ ನಾಗರಿಕನಿಗಿದೆ. ಆದರೆ ಪಾಲಕ ಕೊಳ್ಳಲು ಬಂದವನು ಅರ್ಜಿ ಬರೆದು, ಹತ್ತು ರೂಪಾಯಿ ಕಟ್ಟಿ, ಮೂವತ್ತು ದಿನ ಕಾಯುವಷ್ಟರಲ್ಲಿ ಪಾಲಕ ಹೊಟ್ಟೆ ಸೇರಿ ತಿಂಗಳಾಗಿರುತ್ತದೆ.

ಆದ್ದರಿಂದ ಕೇಳದೆಯೇ ಹೇಳಬೇಕು. ಘಟಕದ ಗೇಟಿನಲ್ಲಿ ಒಂದು ಕರಿ ಹಲಗೆ, ಸೀಮೆಸುಣ್ಣ. ಪ್ರತಿ ದಿನ ಪಿಎಚ್ ಮತ್ತು ಕಣದ ಅಂಕಿ, ವಾರಕ್ಕೊಮ್ಮೆ ಬಿ.ಓ.ಡಿ. ಮತ್ತು ಕ್ರಿಮಿಯ ಅಂಕಿ, ಆರು ತಿಂಗಳಿಗೊಮ್ಮೆ ಲೋಹ ಮತ್ತು ಜಂತಿನ ತತ್ತಿ. ಪಕ್ಕದಲ್ಲಿ ಮಿತಿ ಎಷ್ಟು, ಬಾಟ್ಲಿ ತುಂಬಿದ್ದು ಎಷ್ಟು ಗಂಟೆಗೆ. ಅದೇ ಅಂಕಿಯ ಒಂದು ಪ್ರತಿ ಹುಬ್ಬಳ್ಳಿಯ ಸಿಬಿಟಿಯಲ್ಲಿ, ಒಂದು ಧಾರವಾಡದ ಬಸ್ ನಿಲ್ದಾಣದಲ್ಲಿ. ಘಟಕದ ಬಾಯಲ್ಲಿ ತೆಗೆದ ಬಾಟ್ಲಿಯ ಜೊತೆಗೆ ರೈತ ಪಂಪು ಹಚ್ಚುವ ಜಾಗದಲ್ಲಿಯೂ ಒಂದು ಬಾಟ್ಲಿ ತೆಗೆಯಬೇಕು. ವರ್ಷಕ್ಕೆ ನಾಲ್ಕು ಸಲವಾದರೂ ಹೇಳದೆ ಕೇಳದೆ ಹೊರಗಿನವರು ಪರೀಕ್ಷೆ ಮಾಡಬೇಕು. ಅದಕ್ಕೆ ದೂರದ ಊರಿನವರು ಬೇಕಾಗಿಲ್ಲ. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಧಾರವಾಡದಲ್ಲಿವೆ, ಓದುವ ಹುಡುಗರೂ ಇದ್ದಾರೆ, ಸಿಟಿ ಬಸ್ಸೂ ಇದೆ.

ಖರ್ಚಿನ ಮಾತು ಬರುತ್ತದೆ. ನಾಲಾದ ದಂಡೆಗೆ ಸೈಕಲ್ ದಾರಿ, ಹಸಿರು ಕಾರಿಡಾರು ಎಂದು ಸ್ಮಾರ್ಟ್ ಸಿಟಿಯವರು ಯೋಜನೆ ಹಾಕಿದಾಗ ದುಡ್ಡು ಸಿಕ್ಕಿತು. ದಂಡೆ ಚೆಂದ ಮಾಡುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಸೈಕಲ್ ತುಳಿಯುವವನ ಪಕ್ಕದಲ್ಲಿ ಹರಿಯುತ್ತಿರುವ ನೀರಿನೊಳಗೆ ಏನಿದೆ ಎಂದು ತಿಳಿಯಲು ಬೇಕಾಗುವುದು ಒಂದಿಷ್ಟು ಬಾಟ್ಲಿ, ಐಸಿನ ಡಬ್ಬಿ, ಒಬ್ಬ ಪ್ರಾಮಾಣಿಕ ಕೆಮಿಸ್ಟ್ ಮತ್ತು ಒಂದು ತುಂಡು ಸೀಮೆಸುಣ್ಣ.

ಪಾಲಿಕೆ ಒಂದಿರಲಿ, ಎರಡಾಗಲಿ, ಆಳುವ ಪಕ್ಷ ಯಾವುದೇ ಇರಲಿ, ನೀರು ಮಾತ್ರ ಇಳಿಜಾರಿನ ಕಡೆಗೇ ಹರಿಯುತ್ತದೆ, ಬೆಳಿಗ್ಗೆ ಐದಕ್ಕೆ ಕಾಯಿಪಲ್ಯೆ ಬುಟ್ಟಿ ಊರಿನ ಕಡೆಗೇ ಬರುತ್ತದೆ. ತೂಕದ ಇನ್ಸ್‌ಪೆಕ್ಟರರು ಈ ಸಲ ಅಂಗಡಿಗೆ ಬಂದಾಗ ವ್ಯಾಪಾರಸ್ಥರು ತಮ್ಮ ತಕ್ಕಡಿ ತೋರಿಸಲಿ, ಶುಲ್ಕ ಕಟ್ಟಲಿ, ಮುದ್ರೆ ಹಾಕಿಸಲಿ. ಆಮೇಲೆ ತಮ್ಮ ವಾರ್ಡಿನ ಕಾರ್ಪೊರೇಟರರನ್ನು ಕರೆದು ಚಹಾ ಕೊಟ್ಟು ಒಂದೇ ಪ್ರಶ್ನೆ ಕೇಳಲಿ: "ಸಾಹೇಬ್ರ, ನಮ್ಮದು ಗ್ವಾಡಿ ಮ್ಯಾಲ ಅದ. ನಿಮ್ಮದು ಎಲ್ಲಿ ಅದ?"